ಸೋಮವಾರ ಓಡಿದ ಟ್ರ್ಯಾಕ್ಟರು

ದುಂಡಸಿಯ ಕರಿಬಸಪ್ಪನ ಲೆಕ್ಕದಲ್ಲಿ ಲೋಕದೊಳಗೆ ಎರಡೇ ತರದ ಮಂದಿ: ಹುಚ್ಚರು ಮತ್ತು ಕರಿಬಸಪ್ಪ. ಎರಡನೆಯ ಗುಂಪಿಗೆ ಇನ್ನೊಬ್ಬನನ್ನು ಸೇರಿಸಿಕೊಳ್ಳೋಣವೆಂದು ಅವನು ಹುಟ್ಟಿದಾಗಿನಿಂದ ಕಣ್ಣು ಬಿಟ್ಟು ನೋಡಿದ್ದ, ಯಾರೂ ಕಂಡಿರಲಿಲ್ಲ. ಹೆತ್ತ ತಂದೆಯೂ ಮೊದಲನೆಯ ಗುಂಪಿಗೇ ಸೇರಿದವನು, ಯಾಕೆಂದರೆ ಅವನು ಎತ್ತಿನ ಬಾಲ ಹಿಡಿದು ಬದುಕಿ ಎತ್ತಿನ ಬಾಲ ಹಿಡಿದೇ ಸತ್ತಿದ್ದ.

ಅವನ ಕೈಯಲ್ಲಿ ದೋಷವಿರಲಿಲ್ಲ, ಅದನ್ನು ಒಪ್ಪಬೇಕು. ಮೀಸೆ ಮೂಡುವ ವಯಸ್ಸಿಗೆ ನೇಗಿಲು ಬಿಟ್ಟು ಹುಬ್ಬಳ್ಳಿಯ ಗ್ಯಾರೇಜೊಂದಕ್ಕೆ ಕ್ಲೀನರಾಗಿ ಸೇರಿದವನು, ಎಂಜಿನ್ನಿನ ಕೆಮ್ಮು ಕೇಳಿಯೇ ರೋಗ ಹೇಳುವಷ್ಟು ಕಲಿತ. ಕಲಿತದ್ದನ್ನು ಸುಮ್ಮನೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದನ್ನು ಮಾತ್ರ ಕಲಿಯಲಿಲ್ಲ. "ಈ ಗಾಡಿ ಯಾಕ ಇಷ್ಟ ಹೊಗಿ ಉಗಳತೈತೋ?" ಎಂದು ಮಾಲಕ ಒಂದು ದಿನ ಕೇಳಿದ್ದಕ್ಕೆ, "ನಿಮ್ಮ ತಲಿ ಬಿಚ್ಚಿ ಒಮ್ಮೆ ಚಿಮಣಿ ಎಣ್ಣ್ಯಾಗ ತೊಳದ್ರ ಎಲ್ಲಾ ಗಾಡಿ ಸುದ್ದ ಆಗತಾವ್ರಿ" ಎಂದ. ಅಲ್ಲಿಂದ ಹೊರಬಿದ್ದು ಶಿಗ್ಗಾಂವಿಯಿಂದ ಸವಣೂರಿಗೆ ಓಡುವ ಬಸ್ಸು ಸೇರಿದ. ಅಷ್ಟರಲ್ಲಿ ಯುದ್ಧ ಶುರುವಾಗಿ ಪೆಟ್ರೋಲು ಸಿಗದಾಯಿತು. ಬಸ್ಸಿನ ಬೆನ್ನಿಗೆ ಇದ್ದಲಿ ಒಲೆ ಕಟ್ಟಿ, ಅದರ ಗ್ಯಾಸಿನಿಂದ ಓಡಿಸುವ ಕಾಲ ಬಂತು. ಕರಿಬಸಪ್ಪ ತುಂಬಿದ ಬಸ್ಸಿನಲ್ಲಿ ನಿಂತು, "ಇದು ಬಸ್ಸಲ್ಲ, ಕುಂಬಾರನ ಆವಿಗಿ. ಇದರಾಗ ಕುಂತವರು ಮಂದಿ ಅಲ್ಲ, ಗಡಿಗಿ" ಎಂದು ಸಾರಿದ. ಗಡಿಗೆಗಳಿಗೆ ಸಿಟ್ಟು ಬಂತು. ಸವಣೂರಿನ ಹಾದಿಯಲ್ಲಿ ಅವನನ್ನೂ ಅವನ ಪಾನಾ ಸುತ್ತಿಗೆಗಳ ಪೆಟ್ಟಿಗೆಯನ್ನೂ ಕೆಳಗಿಳಿಸಿ ಬಸ್ಸು ಹೊಗೆಯುಗುಳುತ್ತ ಮುಂದೆ ಹೋಯಿತು.

"ಕೈ ಬಂಗಾರ, ಬಾಯಿ ಗಟಾರ" ಎಂದು ಶಿಗ್ಗಾಂವಿಯವರು ಅವನನ್ನು ಹೊಗಳುತ್ತಿದ್ದರು. ಹುಚ್ಚರಿಗೆ ಅರ್ಧ ಮಾತಾದರೂ ಸರಿಯಾಗಿ ಹೊಳೆಯಿತಲ್ಲ ಎಂದು ಅವನು ಸಮಾಧಾನಪಟ್ಟುಕೊಂಡ.

ಇಂಥವನಿಗೂ ಒಬ್ಬ ಹೆಂಡತಿ ಇದ್ದಳು. ಹಂಸಭಾವಿಯ ಶಿದ್ಲಿಂಗಪ್ಪನ ಮಗಳು ಫಕ್ಕೀರವ್ವ. ಮಾತು ಕಡಿಮೆ, ನೋಟ ಹೆಚ್ಚು. ಒಂದು ದೀಪಾವಳಿಗೆ ಶಿದ್ಲಿಂಗಪ್ಪ ಅಳಿಯನನ್ನು ಮನೆಗೆ ಕರೆದ. ಅರಿವೆಗೂ ಬರ ಬಂದಿದ್ದ ಕಾಲ. ಆ ಮುದುಕ ಹಿರೇಕೆರೂರೆಲ್ಲ ಅಲೆದು, ಯಾರ ಯಾರದೋ ಕೈಕಾಲು ಹಿಡಿದು ಒಂದು ಧೋತರ ತಂದಿದ್ದ. ನೆಂಟರೆಲ್ಲ ಕೂತಿರುವಾಗ ಅದನ್ನು ತಟ್ಟೆಯಲ್ಲಿಟ್ಟು ಅಳಿಯನಿಗೆ ಕೊಟ್ಟ. ಅಳಿಯ ಅದರ ಒಂದು ತುದಿಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಚಲೋ ಐತಿ. ಎಂಜಿನ್ ಒರಸಾಕ ಬರತೈತಿ" ಎಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶಿದ್ಲಿಂಗಪ್ಪ ಎದ್ದು ಹಿತ್ತಲಿಗೆ ಹೋದ. ಮರುದಿನ ಕರಿಬಸಪ್ಪ ಹೊರಟಾಗ ಫಕ್ಕೀರವ್ವ ಹೊರಡಲಿಲ್ಲ. ನಾಲ್ಕು ದಿನ ಕಳೆದರೆ ತಾನೇ ಬರುತ್ತಾಳೆ ಎಂದುಕೊಂಡ. ನಾಲ್ಕು ದಿನ ಹೋಗಿ ನಾಲ್ಕು ತಿಂಗಳಾಯಿತು. ಒಬ್ಬನೇ ಒಲೆ ಊದಿ ಊದಿ ಕಣ್ಣು ಕೆಂಪಾದ ಮೇಲೆ, ಹೆಂಡತಿ ಇಲ್ಲದ ಮನೆ ಮನೆಯಲ್ಲ ಎಂಬುದು ಅವನಂಥ ಜಾಣನಿಗೂ ತಿಳಿಯಿತು. ಅವಳು ಬೇಕಾಗಿತ್ತು ಅವನಿಗೆ. ಇದೊಂದು ವಿಷಯದಲ್ಲಿ ಅವನು ಬೇರೆ ಗಂಡಸರಂತೆಯೇ ಇದ್ದ.

ಅದೇ ಹೊತ್ತಿಗೆ ಹಾನಗಲ್ಲ ತಾಲ್ಲೂಕಿನ ತಿಳವಳ್ಳಿಯಿಂದ ಅವನಿಗೆ ಕರೆ ಬಂತು. ಅಲ್ಲಿಯ ಸಾವಕಾರ ಮಹಾಲಿಂಗಪ್ಪನ ಮನೆಯಲ್ಲಿ ಒಂದು ಟ್ರ್ಯಾಕ್ಟರು ಇತ್ತು. ಇತ್ತು ಅಂದರೆ ಬಿದ್ದಿತ್ತು. ಮಹಾಲಿಂಗಪ್ಪನ ಅಪ್ಪ ಹಿಂದೊಮ್ಮೆ ಮುಂಬಯಿಗೆ ಹೋದಾಗ ಹರಾಜಿನಲ್ಲಿ ಕೂಗಿ ತಂದ ಪರದೇಶದ ಮಾಲು. ಕಬ್ಬಿಣದ ಗಾಲಿ, ಗಾಲಿಗೆ ಗೇಣುದ್ದದ ಹಲ್ಲು. ತಂದ ವರ್ಷವೇ ಭತ್ತದ ಗದ್ದೆಯಲ್ಲಿ ಹೊಟ್ಟೆಯ ತನಕ ಹೂತು, ಎತ್ತುಗಳೇ ಅದನ್ನು ಎಳೆದು ಹೊರಗೆ ಹಾಕಿದ್ದವು. ಆಮೇಲೆ ಹದಿನೈದು ವರ್ಷ ಅದು ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಅಟ್ಟವಾಗಿತ್ತು. ಈಗ ಯುದ್ಧ ಬಂದು, ಹೆಚ್ಚು ಬೆಳೆಯಿರಿ ಎಂದು ಸರಕಾರ ಊರೂರಿಗೆ ಹೇಳಿ, ಯಂತ್ರ ಇದ್ದವರಿಗೆ ಎಣ್ಣೆಯ ಪರವಾನಗಿ ಕೊಡತೊಡಗಿದಾಗ ಮಹಾಲಿಂಗಪ್ಪನಿಗೆ ಕೋಳಿಗಳ ಕೆಳಗೆ ಏನಿದೆ ಎಂಬುದು ನೆನಪಾಯಿತು.

ಕರಿಬಸಪ್ಪ ಬಂದು, ಕೋಳಿ ಹಿಕ್ಕೆ ಕೆರೆದು, ತುಕ್ಕು ಉಜ್ಜಿ, ಆ ಹೆಣಕ್ಕೆ ಜೀವ ಕೊಟ್ಟ. ಹೊತ್ತಿಸಲು ಒಂದಿಷ್ಟು ಪೆಟ್ರೋಲು, ಆಮೇಲೆ ಓಡಲು ಚಿಮಣಿ ಎಣ್ಣೆ. ಅದು ಮೊದಲ ಸಲ ಗುಡುಗಿದ ದಿನ ಓಣಿಯ ನಾಯಿಗಳೆಲ್ಲ ಕೆರೆಯ ಆಚೆ ಹೋಗಿ ನಿಂತವು. ಮಹಾಲಿಂಗಪ್ಪ ಅವನಿಗೆ ಹಿತ್ತಲಿನ ಕೋಣೆಯೊಂದನ್ನು ಕೊಟ್ಟು, "ಹೆಂಡ್ತೀನ ಕರಕೊಂಡು ಬಂದು ಇಲ್ಲೇ ಇದ್ದುಬಿಡು" ಎಂದ.

ಈ ಮಾತನ್ನು ಹಿಡಿದುಕೊಂಡು ಕರಿಬಸಪ್ಪ ಹಂಸಭಾವಿಗೆ ಓಡಿದ. ಫಕ್ಕೀರವ್ವ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ಸೋಮವಾರಕ್ಕೊಮ್ಮೆ ಬರ್ರಿ. ಅಪ್ಪನ ಪಂಕ್ತ್ಯಾಗ ಕುಂತು ಉಂಡು ಹೋಗ್ರಿ. ಆ ಬಾಯಾಗ ಯಾರನ್ನೂ ಹಗುರ ಮಾಡೂ ಮಾತು ಬರಬಾರದು. ಕಾರಹುಣ್ಣಿವಿ ಆದಮ್ಯಾಲಿನ ಸೋಮವಾರ ನಿಮ್ಮ ಹಿಂದ ಬರ್ತೇನಿ."

ಸೋಮವಾರವೇ ಯಾಕೆಂದರೆ ಸೋಮವಾರ ಬಸವಣ್ಣನ ದಿನ. ನಮ್ಮ ಕಡೆ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತು ನಿಂತರೆ ಆಳೂ ನಿಂತ, ಹೊಲವೂ ನಿಂತಿತು. ಟ್ರ್ಯಾಕ್ಟರಿಗೆ ಈ ನೇಮ ಯಾಕೆ ಬೇಕು ಎಂದು ಮಹಾಲಿಂಗಪ್ಪ ಒಮ್ಮೆ ಮೆಲ್ಲಗೆ ಕೇಳಿದ್ದ. ಅವನ ತಾಯಿ ದಾನವ್ವ, ಹಲ್ಲಿಲ್ಲದಿದ್ದರೂ ಮನೆಯನ್ನೆಲ್ಲ ತನ್ನ ಮಾತಿನಲ್ಲೇ ನಡೆಸುತ್ತಿದ್ದವಳು, "ಹೊಲಾ ಊಳೂದೆಲ್ಲಾ ಬಸವಣ್ಣನ. ಅದರ ಮೈ ಕಬ್ಬಿಣದ್ದಿದ್ರೇನು?" ಎಂದು ತೀರ್ಮಾನ ಕೊಟ್ಟಳು. ಅಷ್ಟಕ್ಕೇ ಬಿಡದೆ ಸೋಮವಾರ ಬೆಳಿಗ್ಗೆ ಅದಕ್ಕೆ ವಿಭೂತಿ ಹಚ್ಚಿ ಆರತಿಯನ್ನೂ ಎತ್ತತೊಡಗಿದಳು. ಎಣ್ಣೆಯ ಯಂತ್ರದ ಮುಂದೆ ಉರಿಯುವ ಆರತಿ! ಮುದುಕಿ ತನ್ನ ಸಂಗಡ ಊರನ್ನೂ ಸುಟ್ಟಾಳೆಂದು ಕರಿಬಸಪ್ಪ ಭಾನುವಾರ ಸಂಜೆಯೇ ಎಣ್ಣೆಯೆಲ್ಲ ಇಳಿಸಿ, ಕಾರ್ಬುರೇಟರನ್ನು ಬಿಚ್ಚಿ, ಅದರ ಬಿಡಿ ಭಾಗಗಳನ್ನು ಅಂಗಳದ ಕಲ್ಲಿನ ಮೇಲೆ ಹರವಿ ಹೋಗುತ್ತಿದ್ದ. ಮಂಗಳವಾರ ಬೆಳಿಗ್ಗೆ ಬಂದು ಮತ್ತೆ ಜೋಡಿಸುತ್ತಿದ್ದ.

ಹಂಸಭಾವಿಯಲ್ಲಿ ಅವನು ಬಾಯಿ ಕಟ್ಟಿಕೊಂಡು ಕೂತಿರುತ್ತಿದ್ದ ಚಂದ ನೋಡಬೇಕಿತ್ತು. ಮಾವ ಮಳೆಯ ಬಗ್ಗೆ ಏನೋ ತಪ್ಪು ಹೇಳಿದರೆ ಇವನು ರೊಟ್ಟಿ ತುಂಡನ್ನು ಗಂಟಲಿಗೆ ತುರುಕಿಕೊಂಡು ಹೂಂಗುಟ್ಟುತ್ತಿದ್ದ. ನೆರೆಮನೆಯವನು ಬಂದು, ಟ್ರ್ಯಾಕ್ಟರು ಹುಲ್ಲು ತಿನ್ನುತ್ತದೆಯೇ ಎಂದು ಕೇಳಿದಾಗ ಇವನ ಕತ್ತಿನ ನರ ಉಬ್ಬಿದವು, ಆದರೂ "ಇಲ್ರಿ" ಎಂದಷ್ಟೇ ಹೇಳಿದ. ಬಾಗಿಲ ಸಂದಿಯಿಂದ ಫಕ್ಕೀರವ್ವ ಇದನ್ನೆಲ್ಲ ನೋಡುತ್ತಿದ್ದಳು. ಒಂದೊಂದು ಸೋಮವಾರಕ್ಕೂ ಅವನ ರೊಟ್ಟಿಯ ಮೇಲಿನ ಬೆಣ್ಣೆ ಕೊಂಚ ದೊಡ್ಡದಾಗುತ್ತ ಬಂತು.

ಒಂದು ದಿನ ಕಟ್ಟಿಟ್ಟ ಬಾಯಿಯನ್ನು ಅವನು ಉಳಿದ ದಿನಗಳಲ್ಲಿ ತಿಳವಳ್ಳಿಯಲ್ಲಿ ಬಿಚ್ಚುತ್ತಿದ್ದ. ಬಿಚ್ಚಲು ಕಾರಣಕ್ಕೇನೂ ಕೊರತೆಯಿರಲಿಲ್ಲ. ಟ್ರ್ಯಾಕ್ಟರು ಸೋರುತ್ತಿತ್ತು.

ಕಾರ್ಬುರೇಟರಿನ ಗುಟ್ಟು ದೊಡ್ಡದೇನಲ್ಲ. ಟ್ಯಾಂಕಿನಿಂದ ಎಣ್ಣೆ ಒಂದು ಹಿತ್ತಾಳೆ ಬಟ್ಟಲಿಗೆ ಇಳಿಯುತ್ತದೆ. ಬಟ್ಟಲಲ್ಲಿ ಬೂಚಿನದೊಂದು ಬಿಲ್ಲೆ ತೇಲುತ್ತಿರುತ್ತದೆ, ಸೀಸೆಯ ಬಾಯಿಗೆ ಹಾಕುತ್ತಾರಲ್ಲ, ಅದೇ ಬೂಚು. ಎಣ್ಣೆ ಏರಿದಂತೆ ಬಿಲ್ಲೆಯೂ ಏರಿ, ಒಂದು ಸೂಜಿಯನ್ನು ಒತ್ತಿ, ಎಣ್ಣೆ ಬರುವ ತೂತನ್ನು ಮುಚ್ಚುತ್ತದೆ. ತೂತು ಮುಚ್ಚದಿದ್ದರೆ ಬಟ್ಟಲು ತುಂಬಿ ತುಳುಕುತ್ತದೆ. ಮಂಗಳವಾರ ಒಂದು ಹನಿಯೂ ಬೀಳುತ್ತಿರಲಿಲ್ಲ. ಗುರುವಾರದ ಹೊತ್ತಿಗೆ ತೊಟ್ಟಿಕ್ಕಲು ಶುರು. ಶನಿವಾರ ಬಂತೆಂದರೆ ಹಿಂಡುವ ಎಮ್ಮೆಯ ಮೊಲೆಯಂತೆ ಧಾರೆ.

ತಪ್ಪೆಲ್ಲ ಸೂಜಿಯದು ಎಂದು ಕರಿಬಸಪ್ಪ ತೀರ್ಮಾನಿಸಿದ್ದ. ಮಂಗಳವಾರಕ್ಕೊಮ್ಮೆ ಅದನ್ನು ಉಜ್ಜಿ ಉಜ್ಜಿ ಕೂಡಿಸುತ್ತಿದ್ದ, ಅಂದು ಸೋರದಿದ್ದಾಗ ತನ್ನ ಕೈಯನ್ನು ತಾನೇ ಮೆಚ್ಚಿಕೊಳ್ಳುತ್ತಿದ್ದ. ಮತ್ತೆ ಸೋರಿದರೆ ಅದು ಊರಿನವರ ತಪ್ಪು. ಎಣ್ಣೆಯಲ್ಲಿ ಕಸ, ಸೋಸುವ ಅರಿವೆಯಲ್ಲಿ ಕಸ, ನೋಡಲು ನಿಂತವರ ತಲೆಯಲ್ಲಿ ಕಸ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವನೂ ಹಾಗೇ.

ಸೋರುವುದರಿಂದ ಯಾರಿಗೂ ಲಾಭವಿರಲಿಲ್ಲ ಎಂದಲ್ಲ. ಹೊಲದ ಆಳು ಮಾರೆಪ್ಪನ ಹೆಂಡತಿ ಅಡಿವೆವ್ವ ಒಂದು ಗಡಿಗೆ ತಂದು ಬಟ್ಟಲಿನ ಕೆಳಗೆ ಇಡುತ್ತಿದ್ದಳು. ಚಿಮಣಿ ಎಣ್ಣೆ ಅಂಗಡಿಯಲ್ಲಿ ಕಣ್ಣಿಗೆ ಕಾಣದ ಕಾಲವದು. ಬಡವರ ಮನೆಗಳಲ್ಲಿ ಹೊತ್ತು ಮುಳುಗುವುದೂ ಒಂದೇ, ಮಲಗುವುದೂ ಒಂದೇ. ಬಿದ್ದ ಎಣ್ಣೆ ಮಣ್ಣಿಗೆ ಹೋಗುವುದಕ್ಕಿಂತ ದೀಪಕ್ಕೆ ಹೋಗಲಿ ಎಂದು ದಾನವ್ವ ಒಪ್ಪಿಗೆ ಕೊಟ್ಟಿದ್ದಳು. ಅವರ ಓಣಿಯ ಮೂರು ಮನೆಗಳಲ್ಲಿ ದೀಪ ಉರಿಯುತ್ತಿತ್ತು. ತನ್ನ ಸೋಲಿನ ಕೆಳಗೆ ಗಡಿಗೆ ಇಟ್ಟದ್ದಕ್ಕೆ ಕರಿಬಸಪ್ಪನಿಗೆ ಮೈಯೆಲ್ಲ ಉರಿ.

"ಇಡು, ಇಡು. ಬೆಲ್ಲಾ ಹಾಕಿ ಕಾಸಿ ಕುಡೀರಿ" ಎನ್ನುತ್ತಿದ್ದ.

ದಾನವ್ವನಿಗೆ ಸೋರಿಕೆಯ ಕಾರಣ ಸ್ಪಷ್ಟವಾಗಿ ತಿಳಿದಿತ್ತು. "ತಮ್ಮಾ ಕರಿಬಸಪ್ಪಾ, ಮಂಗಳವಾರ ಹೆಂಗ ಓಡತೈತಿ ನೋಡು. ಸೋಮವಾರ ನಿಂತು ದಣಿವು ಆರಿಸಿಕೊಂಡೈತಲ್ಲ, ಅದಕ್ಕ. ಶನಿವಾರ ಅನ್ನೂದರಾಗ ದಣದು ಜೊಲ್ಲು ಸುರಸತೈತಿ ಪಾಪ."

"ಯವ್ವಾ, ಅದು ಕಬ್ಬಿಣ. ಕಬ್ಬಿಣಕ್ಕ ವಾರ ತಿಥಿ ಇರೂದಿಲ್ರಿ. ನಿಮ್ಮ ಮನಿ ಒನಕಿ ಸೋಮವಾರ ಹಿಡಿತೈತೇನು?"

"ಒನಕಿ ಹೊಲಾ ಊಳೂದಿಲ್ಲಪ್ಪಾ" ಎಂದಳು ಮುದುಕಿ. ಊರಿನವರು ನಕ್ಕರು. ಅವರು ನಕ್ಕದ್ದು ತನ್ನನ್ನು ನೋಡಿ ಎಂಬುದು ಕರಿಬಸಪ್ಪನಿಗೆ ತನ್ನ ಕೋಣೆಗೆ ಹೋದ ಮೇಲೆ ಹೊಳೆಯಿತು.

ಕಾರಹುಣ್ಣಿಮೆ ಹತ್ತಿರ ಬಂತು. ಮೊದಲ ಮಳೆ ಆಗಿ ನೆಲ ಹದಕ್ಕೆ ಬಂದಿತ್ತು, ಭತ್ತದ ಬಿತ್ತನೆಗೆ ಎಲ್ಲರೂ ಅವಸರದಲ್ಲಿದ್ದರು. ಆ ಶನಿವಾರ ಟ್ರ್ಯಾಕ್ಟರು ಎಂದಿಗಿಂತ ಜೋರಾಗಿ ಸೋರಿತು. ಕರಿಬಸಪ್ಪ ಬಯ್ಯುತ್ತ ಬಟ್ಟಲು ಬಿಚ್ಚಿ, ಸೂಜಿ ತೆಗೆಯಲು ಬೂಚಿನ ಬಿಲ್ಲೆಯನ್ನು ಎತ್ತಿ ಪಕ್ಕಕ್ಕಿಟ್ಟ. ಇಟ್ಟವನು ಮತ್ತೆ ಎತ್ತಿದ. ಅದು ಕೈಗೆ ಭಾರವೆನಿಸಿತು. ಉಗುರಿನಿಂದ ಒತ್ತಿದ. ಎಣ್ಣೆ ಒಸರಿತು.

ಬೂಚಿನ ಮೇಲೆ ಮೊದಲು ಅರಗಿನ ಲೇಪವಿತ್ತು. ಕೋಳಿಗಳ ಕೆಳಗೆ ಕೂತಿದ್ದ ಹದಿನೈದು ವರ್ಷಗಳಲ್ಲಿ ಆ ಲೇಪ ಬಿರಿದು ಉದುರಿತ್ತು. ಬರಿಯ ಬೂಚು ದಿನ ಕಳೆದಂತೆ ಎಣ್ಣೆ ಕುಡಿದು ಮುಳುಗುತ್ತಿತ್ತು. ಮುಳುಗಿದರೆ ಸೂಜಿಯನ್ನು ಒತ್ತುವವರು ಯಾರು? ಭಾನುವಾರ ಸಂಜೆ ಬಿಚ್ಚಿ ಕಲ್ಲಿನ ಮೇಲಿಟ್ಟದ್ದು ಸೋಮವಾರವಿಡೀ ಬಿಸಿಲಿಗೆ ಒಣಗಿ, ಹಗುರಾಗಿ, ಮಂಗಳವಾರ ಮತ್ತೆ ತೇಲುತ್ತಿತ್ತು. ಅಂದರೆ ದಾನವ್ವ ಹೇಳಿದ್ದೇ ಖರೆ. ಸೋಮವಾರ ನಿಂತದ್ದಕ್ಕೇ ಅದು ಓಡುತ್ತಿತ್ತು. ತಾನು ಇಷ್ಟು ದಿನ ಸೂಜಿ ಉಜ್ಜಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಇದನ್ನು ಆ ಮುದುಕಿಗೆ ಹೇಳುವುದಕ್ಕಿಂತ ಕೆಂಡ ನುಂಗುವುದು ಅವನಿಗೆ ಸುಲಭವಾಗಿತ್ತು. ಬಿಲ್ಲೆಯನ್ನು ಅರಿವೆಯಲ್ಲಿ ಸುತ್ತಿಕೊಂಡು ಭಾನುವಾರ ಸವಣೂರಿಗೆ ಹೋದ. ಅಲ್ಲಿ ತೊಟ್ಟಿಲುಗಳಿಗೆ ಅರಗು ಹಾಕುವ ಶಹಾಬುದ್ದೀನ ಎಂಬವನಿದ್ದ. ಅವನು ಬಿಲ್ಲೆಯನ್ನು ತಿರುಗಿಸಿ ನೋಡಿ, "ಇದು ಯಾವ ಕೂಸಿನ ತೊಟ್ಟಿಲದ್ರಿ?" ಎಂದ. "ಹದಿನೈದು ವರ್ಸದ ಕೂಸು. ಇನ್ನೂ ಸೋರತೈತಿ" ಎಂದ ಕರಿಬಸಪ್ಪ. ಶಹಾಬುದ್ದೀನ ಬೂಚನ್ನು ಬಿಸಿಮಾಡಿ ಒಳಗಿನ ಎಣ್ಣೆಯೆಲ್ಲ ಹೊರತೆಗೆದು, ಸ್ಪಿರಿಟಿನಲ್ಲಿ ಕರಗಿಸಿದ ಅರಗನ್ನು ಪದರ ಪದರವಾಗಿ ಹಚ್ಚಿ ಕೊಟ್ಟ. ಅಲ್ಲೇ ಉಳಿದು ಸೋಮವಾರ ಹಂಸಭಾವಿ ಮುಟ್ಟಿದ ಕರಿಬಸಪ್ಪ, ಮಾವನ ಪಂಕ್ತಿಯಲ್ಲಿ ಮಗುವಿನ ಹಾಗೆ ಕೂತು ಉಂಡ. ಹೊರಡುವಾಗ ಫಕ್ಕೀರವ್ವ ಹೊಸ್ತಿಲ ತನಕ ಬಂದಳು.

"ಮುಂದಿನ ಸೋಮವಾರ ಲಗೂನ ಬರ್ರಿ" ಎಂದಳು. "ಅವ್ವ ಉಡಿ ತುಂಬತಾಳ. ಹಗಲ ಇರೂದರಾಗ ಊರು ಮುಟ್ಟೂಣು."

ಹಾದಿಯುದ್ದಕ್ಕೂ ಅವನ ಕಾಲು ನೆಲಕ್ಕೆ ಹತ್ತಲಿಲ್ಲ. ಹಿತ್ತಲಿನ ಕೋಣೆಗೆ ಸುಣ್ಣ ಬಳಿಸಬೇಕು, ಒಲೆಗೆ ಹೊಸ ಗುಂಡುಕಲ್ಲು ಹಾಕಿಸಬೇಕು ಎಂದು ಯೋಚಿಸುತ್ತ ನಡೆದ.

ಮಂಗಳವಾರ ಬಿಲ್ಲೆಯನ್ನು ಕೂಡಿಸಿದ. ಗುರುವಾರ ಹನಿ ಬೀಳಲಿಲ್ಲ. ಶುಕ್ರವಾರವೂ ಬೀಳಲಿಲ್ಲ. ಅಡಿವೆವ್ವ ಗಡಿಗೆ ಇಟ್ಟು, ಸಂಜೆ ಬಂದು ನೋಡಿ, ಒಣ ಗಡಿಗೆಯನ್ನು ಎತ್ತಿಕೊಂಡು ಹೋದಳು. ಶನಿವಾರ ಕಾರಹುಣ್ಣಿಮೆ. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಗೊಂಡೆ ಕಟ್ಟಿದರು. ದಾನವ್ವ ಒಂದು ಜೋಡಿ ಗೊಂಡೆಯನ್ನು ಟ್ರ್ಯಾಕ್ಟರಿನ ಮೂತಿಗೂ ಕಟ್ಟಿಸಿದಳು.

"ಬಸವಣ್ಣ ಒಲದ ನೋಡ್ರಿ" ಎಂದಳು ನೆರೆದವರಿಗೆ. "ಇಷ್ಟು ಸೋಮವಾರ ನೇಮ ಹಿಡದದ್ದು ಹುಸಿ ಹೋಗಲಿಲ್ಲ. ಸೋರೂದು ನಿಂತು ಹೋತು."

ಮಹಾಲಿಂಗಪ್ಪ ಗುಡಿಯ ಕಡೆ ತಿರುಗಿ ಕೈಮುಗಿದ. ಊರೆಲ್ಲ ಕೈಮುಗಿಯಿತು. ಕರಿಬಸಪ್ಪನ ಕಡೆ ಯಾರೂ ತಿರುಗಲಿಲ್ಲ.

ಇಲ್ಲಿ ಅವನು ಸುಮ್ಮನಿದ್ದರೆ ಸಾಕಿತ್ತು. ಕೈಮುಗಿಸಿಕೊಂಡ ಬಸವಣ್ಣ ಸುಮ್ಮನಿದ್ದ, ಕಬ್ಬಿಣದ ಟ್ರ್ಯಾಕ್ಟರೂ ಸುಮ್ಮನಿತ್ತು. ಇವನಿಂದ ಆಗಲಿಲ್ಲ.

"ಬಸವಣ್ಣ ಅಲ್ರಿ ಒಲದದ್ದು, ಬೂಚು!" ಎಂದು ಕೂಗಿದ. "ಬೂಚಿಗೆ ನಾ ಅರಗು ಹಾಕಿಸೇನಿ, ಅದಕ್ಕ ನಿಂತತಿ."

"ಬೂಚಿಗೆ ಬುದ್ಧಿ ಕೊಟ್ಟವ ಯಾರಪ್ಪಾ?" ಎಂದಳು ದಾನವ್ವ.

ಮತ್ತೆ ಊರು ನಕ್ಕಿತು. ಆ ನಗೆ ಕರಿಬಸಪ್ಪನ ತಲೆಗೆ ಏರಿತು. "ಹಂಗಾರ ಸೋಮವಾರನ ಓಡಸ್ತೇನಿ. ನಿಮ್ಮ ಕಣ್ಣ ಮುಂದ ಓಡಸ್ತೇನಿ. ಒಂದ ಹನಿ ಬಿದ್ರ ಈ ಪಾನಾ ಪೆಟಿಗಿ ಕೆರಿಗೆ ಒಗದು ನಿಮ್ಮ ಎತ್ತು ಮೇಯಸ್ತೇನಿ. ಬೀಳದಿದ್ರ, ಈ ಊರಾಗ ಒಂದ ತಲಿಯೊಳಗೂ ಮಿದುಳಿಲ್ಲ ಅಂತ ಒಪ್ಪಬೇಕು."

ಮಹಾಲಿಂಗಪ್ಪ ತಾಯಿಯ ಮುಖ ನೋಡಿದ, ಮೋಡದ ಕಡೆ ನೋಡಿದ, ಬಿತ್ತದೆ ಉಳಿದ ಹೊಲ ನೆನೆದ. "ಪಾಪ ಬಂದ್ರ ನಿನ್ನ ತಲಿಗೆ" ಎಂದು ಒಪ್ಪಿದ. ದಾನವ್ವ ಬಾಯಿಗೆ ಸೆರಗು ಹಿಡಿದು ಒಳಗೆ ಹೋದಳು.

ಸೋಮವಾರ ಫಕ್ಕೀರವ್ವನ ದಿನ ಎಂಬುದು ಅವನಿಗೆ ಮರೆತಿರಲಿಲ್ಲ. ಮರೆತಿದ್ದರೆ ಕ್ಷಮಿಸಬಹುದಿತ್ತು. ಮುಂಜಾನೆ ನಾಲ್ಕು ಸಾಲು ಹೊಡೆದು, ಮಧ್ಯಾಹ್ನದ ಬಸ್ಸು ಹಿಡಿದು ಹೋದರಾಯಿತು, ಹುಚ್ಚರ ಬಾಯಿ ಮುಚ್ಚಿಸಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿದ. ಹೆಂಡತಿಯಾದರೆ ಕಾಯುತ್ತಾಳೆ. ಇಷ್ಟು ಹುಚ್ಚರು ಒಂದೇ ಕಡೆ ಮತ್ತೆ ಕೂಡಿ ಬರುತ್ತಾರೆಯೇ?

ಸೋಮವಾರ ಬೆಳಿಗ್ಗೆ ಊರಿಗೆ ಊರೇ ಹೊಲದ ಬದುವಿನ ಮೇಲೆ ನಿಂತಿತ್ತು. ಆಳುಗಳು ಬಿಡುವಿನ ದಿನವೆಂದು ಹೆಂಡಿರು ಮಕ್ಕಳ ಸಮೇತ ಬಂದು ಹುಣಸೆ ಮರದ ಕೆಳಗೆ ಕೂತಿದ್ದರು. ಕರಿಬಸಪ್ಪ ಹ್ಯಾಂಡಲು ತಿರುವಿದ. ಟ್ರ್ಯಾಕ್ಟರು ಗುಡುಗಿತು. ಸಾಲು ಹೊಡೆದು ಬಂದ, ನಿಲ್ಲಿಸಿದ, ಬಟ್ಟಲಿನ ಅಡಿಯನ್ನು ಬೆರಳಿಂದ ಒರೆಸಿ ಒಣ ಬೆರಳನ್ನು ಎಲ್ಲರ ಮೂಗಿನ ಹತ್ತಿರ ಹಿಡಿದ. "ಮೂಸಿ ನೋಡ್ರಿ! ಎಣ್ಣಿ ನಾತ ಐತೇನು?" ಮತ್ತೆ ಹೊಡೆದ, ಮತ್ತೆ ತೋರಿಸಿದ. ಒಂದು ಹನಿ ಇಲ್ಲ. ಸಿಡಿಲು ಹೊಡೆಯಲಿಲ್ಲ, ಗಾಲಿ ಕಳಚಲಿಲ್ಲ, ಕರಿಬಸಪ್ಪನ ನಾಲಿಗೆಯೂ ಬಿದ್ದುಹೋಗಲಿಲ್ಲ. ಬದುವಿನ ಮೇಲಿದ್ದವರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಅವನ ಜನ್ಮದಲ್ಲಿ ಅಂಥ ಬೆಳಗು ಇನ್ನೊಂದು ಬಂದಿರಲಿಲ್ಲ.

ಪಕ್ಕದ ಊರಿನಿಂದಲೂ ಕೆಲವರು ಬಂದು ಸೇರಿದರು. ಅವರಿಗೆ ಮೊದಲಿನಿಂದ ಹೇಳಬೇಕಾಯಿತು. ಬಟ್ಟಲು ಬಿಚ್ಚಿ, ಬಿಲ್ಲೆಯನ್ನು ಕೈಯಲ್ಲಿ ಹಿಡಿದು, ಅದು ಹೇಗೆ ತೇಲುತ್ತದೆ, ತಿಳವಳ್ಳಿಯವರ ತಲೆ ಹೇಗೆ ಮುಳುಗುತ್ತದೆ ಎಂದು ವಿವರಿಸುತ್ತಿರುವಾಗ, ಕೆರೆಯ ಏರಿಯ ಮೇಲೆ ಮಧ್ಯಾಹ್ನದ ಬಸ್ಸು ಹೊಗೆ ಬಿಡುತ್ತ ಹೋಯಿತು. ಅವನು ಅದನ್ನು ನೋಡಿದ. ಮಾತು ಅರ್ಧಕ್ಕೆ ನಿಂತಿತ್ತು. ಮಾತು ಮುಗಿಸಿದ.

ಅತ್ತ ಮಹಾಲಿಂಗಪ್ಪ ಬೆಳಗಿನಿಂದ ಉತ್ತ ಸಾಲುಗಳನ್ನು ಎಣಿಸುತ್ತಿದ್ದ. ಮೊದಲು ಅವನ ಮುಖದಲ್ಲಿ ಹೆದರಿಕೆ ಇತ್ತು. ಸಾಲುಗಳು ಏರಿದಂತೆ ಹೆದರಿಕೆ ಇಳಿದು ಆಸೆ ಏರಿತು. ಯಂತ್ರ ಸೋರುವ ತನಕ ಅವನಿಗೆ ಬಸವಣ್ಣ ಬೇಕಾಗಿದ್ದ. ಇನ್ನು ಬೇಕಾಗಿರಲಿಲ್ಲ.

"ಏ ಮಾರೆಪ್ಪಾ!" ಎಂದು ಹುಣಸೆ ಮರದ ಕಡೆ ಕೂಗಿದ. "ಎದ್ದು ಬರ್ರಿ ಎಲ್ಲಾರೂ. ಹೆಂಟಿ ಒಡೀರಿ."

ಮಾರೆಪ್ಪ ಎದ್ದು ನಿಂತ. "ಸಾವಕಾರ್ರ, ಇವತ್ತ ಸೋಮವಾರ ಐತ್ರಿ."

"ಟ್ರ್ಯಾಕ್ಟರಿಗೆ ಇಲ್ಲದ ಸೋಮವಾರ ನಿಮಗ ಎಲ್ಲಿಂದ ಬಂತೋ? ಎತ್ತು ಹೂಡೂದಿಲ್ಲ, ಎತ್ತಿಗೆ ಆರಾಮ ಇರಲಿ. ಇನ್ನ ಮ್ಯಾಲೆ ಸೋಮವಾರನೂ ಕೆಲಸ. ಈ ವಾರ ಅಷ್ಟ ಅಲ್ಲ, ಎಲ್ಲಾ ವಾರ."

ಹೀಗೆ ಆ ಊರಿನಲ್ಲಿ ಎತ್ತುಗಳಿಗೆ ಸೋಮವಾರ ಉಳಿಯಿತು, ಮನುಷ್ಯರಿಗೆ ಹೋಯಿತು. ಕರಿಬಸಪ್ಪ ಕೈ ಒರೆಸಿಕೊಳ್ಳುತ್ತ ಮುಂದೆ ಬಂದು, "ನನಗ ಹಂಸಭಾವಿಗೆ ಹೋಗೂದೈತ್ರಿ, ಹೆಂಡ್ತೀನ ಕರಕೊಂಡು ಬರೂದು" ಎಂದ.

"ಸೋಮವಾರ ಓಡಸ್ತೇನಿ ಅಂದವ ನೀನ ಅಲ್ಲೇನು? ಓಡಸು" ಎಂದ ಮಹಾಲಿಂಗಪ್ಪ. "ಬೇಕಾದ್ರ ನಾಳೆ ಮುಂಜಾನೆ ಹೋಗಿ ಬಾ. ಸೋಮವಾರ ಮಾತ್ರ ಇನ್ನ ಕೇಳಬ್ಯಾಡ."

ಹೊತ್ತು ಇಳಿಯುವ ತನಕ ಅವನು ಉತ್ತ. ಹಿಂದೆ ಆಳುಗಳು ಹೆಂಟೆ ಒಡೆಯುತ್ತ ಬಂದರು. ಕೊನೆಗೆ ಎಂಜಿನ್ನು ಆರಿಸಿ ಇಳಿದಾಗ ಮಾರೆಪ್ಪ ಎದುರಿಗೆ ಬಂದು ನಿಂತ. ಅವನ ಹೆಂಡತಿ ಅಡಿವೆವ್ವ ಖಾಲಿ ಗಡಿಗೆಯನ್ನು ಟೊಂಕಕ್ಕೆ ಆನಿಸಿಕೊಂಡು ಪಕ್ಕದಲ್ಲಿದ್ದಳು.

"ಮಿಸ್ತ್ರಿಯವರ, ಮೈಗೆ ಒಂದು ಸೋಮವಾರ ಇತ್ತು, ಮನ್ಯಾಗ ಒಂದು ದೀಪ ಇತ್ತು" ಎಂದ ಮಾರೆಪ್ಪ. "ಎರಡೂ ಒಂದ ವಾರದಾಗ ಆರಿಸಿದ್ರಿ. ಶ್ಯಾಣ್ಯಾರು ಅದೀರಿ, ಖರೆ."

ಅವನು ಹೇಳಿದ ರೀತಿಗೆ ಯಾರಾದರೂ ತಲೆ ತಗ್ಗಿಸಬೇಕು. ಕರಿಬಸಪ್ಪ, ಕೊನೆಗೂ ಒಬ್ಬ ತನ್ನನ್ನು ಜಾಣ ಅಂದನಲ್ಲ ಎಂದಷ್ಟೇ ಕೇಳಿಸಿಕೊಂಡ.

ಮಂಗಳವಾರ ಮುಂಜಾನೆಯೇ ಹೊರಟು, ಬಿಸಿಲೇರುವ ಹೊತ್ತಿಗೆ ಅವನು ಹಂಸಭಾವಿ ಮುಟ್ಟಿದ. ಶಿದ್ಲಿಂಗಪ್ಪ ಕಟ್ಟೆಯ ಮೇಲೆ ಕೂತಿದ್ದ. ಫಕ್ಕೀರವ್ವ ನಡುಮನೆಯಲ್ಲಿ ಸೊಪ್ಪು ಸೋಸುತ್ತಿದ್ದಳು. ಗಂಟು ಕಂಬದ ಪಕ್ಕದಲ್ಲಿ ಕಟ್ಟಿದ್ದು ಕಟ್ಟಿದಂತೆಯೇ ಇತ್ತು, ಅದರ ಮೇಲೆ ಉಡಿಯ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಕುಬಸ ಹೊಲಿಸುವ ಹೊಸ ಕಣದ ಅರಿವೆಯಲ್ಲಿ ಕಟ್ಟಿದ್ದವು. ನಿನ್ನೆ ಓಣಿಯ ಹೆಂಗಸರನ್ನೆಲ್ಲ ಕರೆದು ಅವಳ ತಾಯಿ ಉಡಿ ತುಂಬಿದ್ದಳು. ತುಂಬಿದ ಉಡಿಯಲ್ಲಿ ಅವಳು ಹೊತ್ತು ಮುಳುಗುವ ತನಕ ಕಟ್ಟೆಯ ಮೇಲೆ ಕೂತಿದ್ದಳು. ಹಾದು ಹೋದವರೆಲ್ಲ, "ಇನ್ನೂ ಬರಲಿಲ್ಲೇನು?" ಎಂದು ಕೇಳಿ ಹೋಗಿದ್ದರು. ಇದನ್ನು ಅವಳು ಹೇಳಲಿಲ್ಲ, ಅವಳ ತಾಯಿ ನೀರು ತಂದಿಡುವಾಗ ಹೇಳಿದಳು.

"ಹೋಗಲಿ ಬಿಡ್ರಿ" ಎಂದಳು ಫಕ್ಕೀರವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಏನರ ಕೆಲಸ ಬಿದ್ದಿರಬೇಕು. ಇವತ್ತ ಮಂಗಳವಾರ, ಮನಿಮಗಳನ್ನ ಕಳಸೂದಿಲ್ಲ. ಗಂಟು ಇಲ್ಲೇ ಇರಲಿ. ಮುಂದಿನ ಸೋಮವಾರ ಬರ್ರಿ."

"ಸೋಮವಾರ ಆಗೂದಿಲ್ಲ. ಸಾವಕಾರ ಸೋಮವಾರನ ತಗದಾನ."

"ಯಾಕ ತಗದ?"

ಅವಳು ಕೇಳಿದ್ದು ಇಷ್ಟೇ. ಅವನು ಇಷ್ಟಕ್ಕೇ ಏನಾದರೂ ಹೇಳಿ ಮುಗಿಸಬಹುದಿತ್ತು, ಬುಧವಾರ ಬರುತ್ತೇನೆ ಅನ್ನಬಹುದಿತ್ತು. ಆದರೆ ಆ ಬೆಳಗಿನ ನೆನಪಾದದ್ದೇ ಅವನ ಮುಖ ಅರಳಿತು. ಚಾಪೆಯಿಂದ ಎದ್ದು ನಿಂತು, ಬೂಚಿನಿಂದ ಶುರುಮಾಡಿ, ದಾನವ್ವ ಬಾಯಿಗೆ ಸೆರಗು ಹಿಡಿದದ್ದು, ಬದುವಿನ ಮೇಲೆ ಊರಿನವರು ದವಡೆ ಇಳಿಬಿಟ್ಟುಕೊಂಡು ನಿಂತದ್ದು, ಒಣ ಬೆರಳನ್ನು ಒಬ್ಬೊಬ್ಬರಿಗೂ ಮೂಸಿಸಿದ್ದು, ಎಲ್ಲವನ್ನೂ ಆಡಿ ತೋರಿಸಿದ. ಮಹಾಲಿಂಗಪ್ಪನ ಮುಖ ಹೇಗಾಯಿತೆಂದು ಮುಖ ಮಾಡಿ ತೋರಿಸಿದ. "ಅಂಥಾ ಹುಚ್ಚರು, ಏ ಫಕ್ಕೀರವ್ವಾ! ಮಧ್ಯಾಹ್ನದ ಬಸ್ಸು ನನ್ನ ಕಣ್ಣ ಮುಂದ ಹೋತು. ಹೋದ್ರ ಹೋಗಲಿ ಅಂದೆ. ಒಬ್ಬೊಬ್ಬನ ಮುಖಾ ನೋಡಬೇಕಿತ್ತು ನೀ!"

ಅವನು ನಗು ಮುಗಿಸಿ ತಿರುಗಿದಾಗ ಫಕ್ಕೀರವ್ವ ಗಂಟಿನ ಹತ್ತಿರ ಕೂತಿದ್ದಳು. ಕುಬಸದ ಕಣ ಬಿಚ್ಚಿ, ಉಡಿಯ ಅಕ್ಕಿಯನ್ನು ತಾಯಿಯ ಮೊರಕ್ಕೆ ಸುರಿದಳು. ಕೊಬ್ಬರಿ ಬಟ್ಟಲುಗಳನ್ನು ಗೋಡೆಯ ಮಾಡದಲ್ಲಿಟ್ಟಳು. ಸೀರೆಗಳನ್ನು ಒಂದೊಂದಾಗಿ ತೆಗೆದು ಬಿದಿರ ಗಳದ ಮೇಲೆ ಹಾಕಿದಳು. ಗಂಟು ಕಟ್ಟಿದ್ದ ಅರಿವೆಯನ್ನು ಕೊಡವಿ ಮಡಚಿದಳು.

"ಗೆದ್ದ್ರಲ್ಲಾ" ಎಂದಳು. "ಉಂಡು ಹೋಗ್ರಿ."